ಬೀಟೆ ಹಲಗೆಗೆ ಅರಗಿನ ಹೊಳಪು ಕೊಡುವುದು ಹೇಗೆ?

ಬೀಟೆಯ ಎಳೆ ನೇರವಾಗಿ ಓಡುವುದಿಲ್ಲ. ಒಂದು ಪದರ ಎಡಕ್ಕೆ, ಮುಂದಿನದು ಬಲಕ್ಕೆ ವಾಲಿರುತ್ತದೆ. ಬೆಳಕಿಗೆ ಹಿಡಿದಾಗ ಪಟ್ಟೆಪಟ್ಟೆಯಾಗಿ ಮಿಂಚುವುದು ಇದರಿಂದಲೇ, ಕೀಸುವಾಗ ಕಿತ್ತುಬರುವುದೂ ಇದರಿಂದಲೇ. ಅಲಗನ್ನು ಚೆನ್ನಾಗಿ ಮಸೆದು ತೀರ ತೆಳುವಾಗಿ ಕೀಸಿ. 2017ರಿಂದ ಈ ಮರದ ಇಡೀ ಕುಲ ಸೈಟಿಸ್ ಒಪ್ಪಂದದ, ಅಂದರೆ ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದದ, ನಿಯಂತ್ರಣದಲ್ಲಿದೆ. ಕೆಟ್ಟ ಹಲಗೆಗೆ ಬದಲಿ ಸುಲಭವಾಗಿ ಸಿಗದು.

ಬಳಿಕ 120, 180, 240, 320ರ ಉಪ್ಪುಕಾಗದವನ್ನು ಕ್ರಮವಾಗಿ, ಎಳೆಯುದ್ದಕ್ಕೇ ಉಜ್ಜಿ. ನಡುವೆ ಒಂದನ್ನು ಬಿಟ್ಟರೆ ಗೀರು ಆಗ ಕಾಣುವುದಿಲ್ಲ, ಪಾಲಿಶ್ ಬಿದ್ದ ಮೇಲೆ ಎದ್ದು ಕಾಣುತ್ತದೆ. ದೂಳು ಚರ್ಮಕ್ಕೂ ಉಸಿರಿಗೂ ಕೆಟ್ಟದ್ದು, ಮಾಸ್ಕ್ ಹಾಕಿಕೊಳ್ಳಿ.

ಬೀಟೆಯಲ್ಲಿ ಎಣ್ಣೆಯಂಥ ಅಂಶವಿದೆ. ಎಣ್ಣೆ ವಾರ್ನಿಷ್ ಇದರ ಮೇಲೆ ದಿನಗಟ್ಟಲೆ ಅಂಟಂಟಾಗಿಯೇ ಉಳಿಯಬಹುದು. ಅರಗು ಹಾಗಲ್ಲ, ಅದನ್ನು ಕರಗಿಸಿದ ಸ್ಪಿರಿಟ್ (ಆಲ್ಕೋಹಾಲ್) ಆರಿದರೆ ಸಾಕು, ಗಟ್ಟಿಯಾಗುತ್ತದೆ. ಮೇಣ ತೆಗೆದ ಅರಗಿನ ಚಕ್ಕೆ 120 ಗ್ರಾಂ, ಸ್ಪಿರಿಟ್ 1 ಲೀಟರ್. ಗಾಜಿನ ಜಾಡಿಯಲ್ಲಿ ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಸೋಸಿ. ಹಳೆಯ ದ್ರಾವಣವಾದರೆ ಗಾಜಿನ ಮೇಲೆ ಒಂದು ಹನಿ ಬಿಟ್ಟು ನೋಡಿ: ಮರುದಿನವೂ ಉಗುರಿಗೆ ಮೆತ್ತಗೆ ಸಿಕ್ಕರೆ ಅದನ್ನು ಬಳಸಬೇಡಿ.

ಬಿಳಿ ಮರದ ಕುಸುರಿ ಕೂರಿಸಿದ್ದರೆ ಮೊದಲು ಅದಕ್ಕಷ್ಟೇ ಸಣ್ಣ ಕುಂಚದಿಂದ ಎರಡು ಕೈ ಅರಗು ಕೊಡಿ. ಇಲ್ಲವಾದರೆ ಸ್ಪಿರಿಟ್ ಬೀಟೆಯ ಕಂದು-ನೇರಳೆ ಬಣ್ಣವನ್ನು ಎಳೆದು ಬಿಳಿಯ ಮೇಲೆ ಹರಡುತ್ತದೆ. ಆ ಕಲೆ ಹೋಗಿಸುವುದು ಬಲು ಕಷ್ಟ.

ನಿಂಬೆಹಣ್ಣಿನಷ್ಟು ಹತ್ತಿಯನ್ನು ಒಗೆದು ಮೆತ್ತಗಾದ ಬಟ್ಟೆಯಲ್ಲಿ ಸುತ್ತಿ ಉಂಡೆ ಕಟ್ಟಿ. ಅಂಗೈಗೆ ಒತ್ತಿದರೆ ತೇವ ತಾಗಬೇಕು, ತೊಟ್ಟಿಕ್ಕಬಾರದು. ಇಡೀ ಹಲಗೆಗೆ ಎರಡು ತೆಳು ಕೈ ಆದ ಮೇಲೆ ಚಿಟಿಕೆ ಪ್ಯೂಮಿಸ್ (ಜ್ವಾಲಾಮುಖಿಯ ಹಗುರ ಕಲ್ಲು) ಪುಡಿ ಉದುರಿಸಿ, ಸ್ಪಿರಿಟ್ ತೇವದ ಉಂಡೆಯಿಂದ ಸುತ್ತುಸುತ್ತಾಗಿ ಉಜ್ಜಿ. ಪುಡಿ, ಮರದ ದೂಳು, ಅರಗು ಬೆರೆತು ರಂಧ್ರಗಳು ತುಂಬಿಕೊಳ್ಳುತ್ತವೆ. ಇಲ್ಲಿ ಅವಸರ ಮಾಡಿದರೆ ಮುಂದೆ ಎಷ್ಟು ಕೈ ಹೊಡೆದರೂ ಮೈ ಕನ್ನಡಿಯಂತಾಗುವುದಿಲ್ಲ.

ಆಮೇಲೆ ಮತ್ತೆ ಅರಗು. ಉಂಡೆಯ ತಳಕ್ಕೆ ಒಂದೇ ಹನಿ ಎಣ್ಣೆ ಹಚ್ಚಿ, ಮೊದಲು ಸುತ್ತಾಗಿ, ಕೊನೆಗೆ ಉದ್ದುದ್ದಕ್ಕೆ ಎಳೆಯಿರಿ. ಹಲಗೆಯ ಮೇಲೆ ಕೈ ನಿಲ್ಲಲೇಬಾರದು. ಅರೆಕ್ಷಣ ನಿಂತರೂ ಸ್ಪಿರಿಟ್ ಕೆಳಗಿನ ಪದರವನ್ನು ಕರಗಿಸಿ ಗುಳಿ ಮಾಡುತ್ತದೆ. ದಿನಕ್ಕೊಂದು ಸರದಿಯಂತೆ ನಾಲ್ಕೈದು ದಿನ ಸಾಗಲಿ. ಮಳೆಯ ದಿನ ಬೇಡ, ಗಾಳಿಯ ತೇವ ಸೇರಿ ಬಿಳಿ ಮಬ್ಬು ಕವಿಯುತ್ತದೆ.

ಕೊನೆಯಲ್ಲಿ, ಹೆಚ್ಚುಕಡಿಮೆ ಒಣಗಿದ ಹೊಸ ಉಂಡೆಗೆ ತುಸು ಸ್ಪಿರಿಟ್ ತಾಗಿಸಿ ಹಗುರವಾಗಿ ಎಳೆದರೆ ಮೇಲೆ ನಿಂತ ಎಣ್ಣೆ ಬಿಡುತ್ತದೆ, ಒಳಗಿನ ಪಟ್ಟೆಗಳು ಸ್ವಚ್ಛವಾಗಿ ಕಾಣುತ್ತವೆ. ಪೆಟ್ಟಿಗೆ, ಕುರ್ಚಿಯ ಬೆನ್ನು, ಕಪಾಟಿನ ಬಾಗಿಲಿಗೆ ಇದು ಸರಿ. ಊಟದ ಮೇಜಿಗೆ ಮಾತ್ರ ಬೇಡ, ಬಿಸಿ ಪಾತ್ರೆ ಇಟ್ಟಲ್ಲಿ ಬಿಳಿ ಬಳೆ ಮೂಡುತ್ತದೆ.