ನಿಮ್ಮ ಪ್ರೋಗ್ರಾಮಿಂಗ್ ಭಾಷೆಗೆ ಮಿತಿ ಹಾಕುವುದು ಹೇಗೆ?

ಹೊಸ ಭಾಷೆ ಕಟ್ಟುವವರು ವ್ಯಾಕರಣಕ್ಕಾಗಿ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಒಂದು ಫಂಕ್ಷನ್‌ನಲ್ಲಿ ಎಷ್ಟು ವೇರಿಯಬಲ್ ಇರಬಹುದು ಎಂಬುದನ್ನು ಮಾತ್ರ ಎಲ್ಲೂ ಬರೆದಿಡುವುದಿಲ್ಲ. ಬರೆಯದಿದ್ದರೂ ಮಿತಿ ಇದ್ದೇ ಇರುತ್ತದೆ. ಕಂಪೈಲರ್ ಕುಸಿದ ದಿನ ಅದು ಗೊತ್ತಾಗುತ್ತದೆ.

1. ಮೊದಲು ಪಟ್ಟಿ ಮಾಡಿ: ಲೋಕಲ್ ವೇರಿಯಬಲ್, ಆರ್ಗ್ಯುಮೆಂಟ್, ಕಾನ್‌ಸ್ಟಂಟ್, ಜಂಪ್‌ನ (ಕೋಡಿನಲ್ಲಿ ಒಂದೆಡೆಯಿಂದ ಇನ್ನೊಂದೆಡೆಗೆ ಹಾರುವ ಆದೇಶ) ದೂರ, ಆವರಣಗಳ ಆಳ.

2. ಪ್ರತಿಯೊಂದಕ್ಕೂ ಸಂಖ್ಯೆ ಕೊಡಿ. ಲುವಾದಲ್ಲಿ ಒಂದು ಫಂಕ್ಷನ್‌ಗೆ 200 ಲೋಕಲ್ ವೇರಿಯಬಲ್. ಜಾವಾದಲ್ಲಿ ಒಂದು ಮೆಥಡ್‌ನ ಬೈಟ್‌ಕೋಡ್ (ಕಂಪೈಲರ್ ಹುಟ್ಟಿಸುವ ಆದೇಶಗಳು) 65,535 ಬೈಟ್ ದಾಟುವಂತಿಲ್ಲ. ಕೈಯಲ್ಲಿ ಬರೆದ ಕೋಡಿಗೆ ಇದು ಧಾರಾಳವಾಯಿತು, ಆದರೆ ಕೋಡ್ ಜನರೇಟರ್ ಉಗುಳುವ ದೊಡ್ಡ ಅರೇಗೆ ಸಾಲದು. ಅನುಮಾನವಿದ್ದರೆ ಚಿಕ್ಕ ಸಂಖ್ಯೆಯನ್ನೇ ಇಡಿ. ಪೈಥಾನ್ 255 ಆರ್ಗ್ಯುಮೆಂಟ್‌ಗಳ ಮಿತಿಯನ್ನು 3.7ರಲ್ಲಿ ತೆಗೆದಾಗ ಯಾವ ಹಳೆಯ ಪ್ರೋಗ್ರಾಮೂ ಕೆಡಲಿಲ್ಲ. ಮಿತಿ ಇಳಿಸಹೊರಟರೆ ಕೆಡುತ್ತವೆ.

3. ತಪಾಸಣೆ. ಎಡವುವುದು ಇಲ್ಲೇ. ಕಾನ್‌ಸ್ಟಂಟ್‌ನ ಸೂಚ್ಯಂಕ 16 ಬಿಟ್ ಎಂದುಕೊಳ್ಳಿ. ಅದನ್ನು 16 ಬಿಟ್‌ಗೆ ಇಳಿಸಿದ ಮೇಲೆ ಪರೀಕ್ಷಿಸಿದರೆ 65,537ನೆಯ ಕಾನ್‌ಸ್ಟಂಟ್‌ನ ಸೂಚ್ಯಂಕ (ಎಣಿಕೆ ಸೊನ್ನೆಯಿಂದ ಶುರು) ಸದ್ದಿಲ್ಲದೆ ಸೊನ್ನೆಗೆ ಮರಳಿರುತ್ತದೆ. ಪ್ರೋಗ್ರಾಂ ಮೊದಲನೆಯ ಕಾನ್‌ಸ್ಟಂಟನ್ನೇ ಓದಿ ತಪ್ಪು ಉತ್ತರ ಕೊಡುತ್ತದೆ. ಅಗಲದ ಇಂಟೀಜರ್‌ನಲ್ಲೇ ಹೋಲಿಸಿ, ಆಮೇಲೆ ಇಳಿಸಿ. ಮುಂದಕ್ಕೆ ಹಾರುವ ಜಂಪ್‌ನ ದೂರ ಮೊದಲು ಗೊತ್ತಿರುವುದಿಲ್ಲ, ಖಾಲಿ ಜಾಗ ಬಿಟ್ಟಿರುತ್ತೀರಿ. ಅದನ್ನು ತುಂಬುವ ಹೊತ್ತಿಗೇ ಪರೀಕ್ಷಿಸಬೇಕು.

ಆಳದ ಮಿತಿ ಇನ್ನೂ ಮೋಸದ್ದು. ಬಹುತೇಕರು ಪಾರ್ಸರ್ (ಕೋಡನ್ನು ಓದಿ ಅದರ ರಚನೆಯನ್ನು ಮರದಂತೆ ಜೋಡಿಸುವ ಭಾಗ) ಆವರಣ ತೆರೆದಾಗ ಮಾತ್ರ ಎಣಿಸುತ್ತಾರೆ. ಸಾಲಾಗಿ ಬಂದ ಸಾವಿರಾರು ಋಣ ಚಿಹ್ನೆಗಳೂ ಪಾರ್ಸರನ್ನು ಅಷ್ಟೇ ಆಳಕ್ಕೆ ಇಳಿಸುತ್ತವೆ. a + b + c ಎಂಬಂತೆ ಒಂದು ಲಕ್ಷ ಪದಗಳ ಕೂಡುವಿಕೆ ಬಂದರಂತೂ ಪಾರ್ಸರ್ ಅದನ್ನು ಲೂಪ್‌ನಲ್ಲಿ ಆರಾಮಾಗಿ ಓದಿ ಮುಗಿಸುತ್ತದೆ. ಹುಟ್ಟುವ ಮರ ಮಾತ್ರ ಎಡಕ್ಕೆ ಲಕ್ಷ ಹಂತ ಇಳಿದಿರುತ್ತದೆ. ಮುಂದೆ ಕೋಡ್ ಹುಟ್ಟಿಸುವ ಹಂತ ಆ ಮರವನ್ನು ರಿಕರ್ಷನ್‌ನಿಂದ (ಫಂಕ್ಷನ್ ತನ್ನನ್ನೇ ಕರೆದುಕೊಳ್ಳುತ್ತಾ) ಸುತ್ತಹೊರಟಾಗ ಸ್ಟ್ಯಾಕ್ (ಮುಗಿಯದ ಕರೆಗಳನ್ನು ನೆನಪಿಡುವ ಜಾಗ) ತುಂಬಿ ಒಂದು ಸಂದೇಶವೂ ಇಲ್ಲದೆ ಸಾಯುತ್ತದೆ. ಆದ್ದರಿಂದ ಎರಡು ಎಣಿಕೆ ಬೇಕು: ಪಾರ್ಸರ್‌ನ ಪ್ರತಿ ರಿಕರ್ಸಿವ್ ಕರೆಗೆ ಒಂದು, ಮರದ ಪ್ರತಿ ನೋಡ್‌ನಲ್ಲಿ ಇನ್ನೊಂದು. ನೋಡ್‌ನ ಆಳವೆಂದರೆ ಅದರ ಮಕ್ಕಳಲ್ಲಿ ದೊಡ್ಡ ಆಳಕ್ಕೆ ಒಂದು ಕೂಡಿಸಿದ್ದು. ಸ್ಟ್ಯಾಕ್ ಗಾತ್ರವನ್ನೇ ಹಿಗ್ಗಿಸುವ ಅಡ್ಡದಾರಿ ಬೇಡ, ಕುಸಿತ ಮುಂದಕ್ಕೆ ಹೋಗುತ್ತದೆ ಅಷ್ಟೇ.

4. ದೋಷ ಸಂದೇಶದಲ್ಲಿ ಸಾಲಿನ ಸಂಖ್ಯೆ, ಮಿತಿಯ ಹೆಸರು, ಮಿತಿಯ ಸಂಖ್ಯೆ ಮೂರೂ ಇರಲಿ.

5. ಪ್ರತಿ ಮಿತಿಗೆ ಎರಡು ಟೆಸ್ಟ್ ಫೈಲ್ ಮಾಡಿ: ಮಿತಿಯಷ್ಟೇ ಇರುವುದು ಪಾಸಾಗಬೇಕು, ಒಂದು ಹೆಚ್ಚಿರುವುದು ದೋಷ ತೋರಿಸಬೇಕು. ಚಿಕ್ಕ ಸ್ಕ್ರಿಪ್ಟ್‌ನಿಂದಲೇ ಹುಟ್ಟಿಸಿ. ಆಳದ ಟೆಸ್ಟನ್ನು ಮುಖ್ಯ ಥ್ರೆಡ್‌ನ (ಒಂದೇ ಪ್ರೋಗ್ರಾಮಿನೊಳಗೆ ಜೊತೆಜೊತೆಗೆ ಓಡುವ ಎಳೆಗಳಲ್ಲಿ ಮೊದಲನೆಯದು) ಹೊರಗೂ ಓಡಿಸಿ. ಮ್ಯಾಕ್‌ಓಎಸ್‌ನಲ್ಲಿ ಮುಖ್ಯ ಥ್ರೆಡ್‌ಗೆ 8 ಎಂಬಿ ಸ್ಟ್ಯಾಕ್ ಇದ್ದರೆ ಉಳಿದವಕ್ಕೆ ಸಿಗುವುದು 512 ಕೆಬಿ. ಅಲ್ಲಿ ಕುಸಿದರೆ ಆಳದ ಸಂಖ್ಯೆಯನ್ನು ಇಳಿಸಿ.