ಪರದೆ ದೊಡ್ಡದಾಯಿತು, ಗೀಟು ಕಾಣಲಿಲ್ಲ: ಆಲ್ ಇನ್ ಒನ್ ಕೊಂಡ ನನ್ನ ಅನುಭವ

ಮೈಸೂರಿನ ಅಗ್ರಹಾರದಲ್ಲಿ ನಮ್ಮದೊಂದು ಸಣ್ಣ ಡಿಟಿಪಿ ಅಂಗಡಿ. ಅಗಲ 8 ಅಡಿ, ಉದ್ದ 10 ಅಡಿ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಸಂಘಗಳ ವಾರ್ಷಿಕ ವರದಿ, ಆಗಾಗ ಒಂದೊಂದು ಕವನ ಸಂಕಲನ. ದಿನಕ್ಕೆ ಒಂಬತ್ತು ಹತ್ತು ಗಂಟೆ ಕಂಪ್ಯೂಟರ್ ಮುಂದೆ ಕೂರುತ್ತೇನೆ. ಟೈಪ್ ಮಾಡುವುದು, ತಿದ್ದುವುದು ಬಹುಪಾಲು ಕನ್ನಡವೇ.

ಹಳೆಯ ಕಂಪ್ಯೂಟರ್ ಕೈಕೊಟ್ಟಾಗ, ಪರದೆಯೊಳಗೇ ಇಡೀ ಯಂತ್ರ ಇರುವ ಆಲ್ ಇನ್ ಒನ್ ತರೋಣ ಅನ್ನಿಸಿತು. ಸಿಪಿಯು ಡಬ್ಬ ಇರುವುದಿಲ್ಲ, ಕಾಲಿಗೆ ವೈರು ಸಿಕ್ಕುವುದಿಲ್ಲ, ಜಾಗ ಉಳಿಯುತ್ತದೆ. ಹಳೆಯದರ ಮಾನಿಟರ್ 21.5 ಇಂಚು. ಶೋರೂಮಿನಲ್ಲಿ ಐದಾರು ಆಲ್ ಇನ್ ಒನ್ ಸಾಲಾಗಿ ಇಟ್ಟಿದ್ದರು. ಐದಡಿ ದೂರದಲ್ಲಿ ನಿಂತು ನೋಡಿದೆ. 27 ಇಂಚಿನದರಲ್ಲಿ ಯಾವುದೋ ಜಲಪಾತದ ವಿಡಿಯೋ ಓಡುತ್ತಿತ್ತು. "ಸರ್, ಡಿಟಿಪಿ ಅಂದ್ರೆ ಕಣ್ಣುಮುಚ್ಚಿ 27 ತಗೊಳ್ಳಿ" ಅಂದ ಅಲ್ಲಿನ ಹುಡುಗ. ತಗೊಂಡೆ. ಎಷ್ಟು ಪಿಕ್ಸೆಲ್, ಅಂದರೆ ಪರದೆಯಲ್ಲಿ ಚಿತ್ರ ಮೂಡಿಸುವ ಚುಕ್ಕಿ ಎಷ್ಟು ಅಂತ ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಮೂರನೇ ವಾರಕ್ಕೆ ಒಂದು ಲಗ್ನಪತ್ರಿಕೆ ಬಂತು. 500 ಪ್ರತಿ. ಕೊನೆಯ ಸಾಲು 10 ಪಾಯಿಂಟ್ ಅಕ್ಷರದಲ್ಲಿ: "ವಧೂವರರನ್ನು ಆಶೀರ್ವದಿಸಬೇಕಾಗಿ ಕೋರುವ." ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡುವವರಿಗೆ ಗೊತ್ತು, ದ ಮತ್ತು ಧ ಎರಡೂ ಒಂದೇ ಕೀ. ಶಿಫ್ಟ್ ಒತ್ತಿದರೆ ಧ, ಒತ್ತದಿದ್ದರೆ ದ. ನನ್ನ ಕೈಬೆರಳು ಶಿಫ್ಟ್ ತಪ್ಪಿಸಿತ್ತು. ಪ್ರಿಂಟ್ ಆದ ಮೇಲೆ ಹುಡುಗಿಯ ತಂದೆ ಕಾರ್ಡು ಹಿಡಿದುಕೊಂಡು ಬಂದರು. "ಸ್ವಾಮಿ, ವಧೂ ಅನ್ನೋದೇ ವದೂ ಆಗಿದೆಯಲ್ಲ" ಅಂದರು. ಜೋರು ಮಾಡಲಿಲ್ಲ ಅವರು. ಅದೇ ನನಗೆ ಜಾಸ್ತಿ ಚುರುಕ್ ಅಂದಿತು. ಅಷ್ಟೂ ಕಾರ್ಡನ್ನು ನನ್ನ ಖರ್ಚಿನಲ್ಲಿ ಮತ್ತೆ ಹಾಕಿಸಿಕೊಟ್ಟೆ.

ಆ ರಾತ್ರಿ ಅಂಗಡಿಯಲ್ಲೇ ಕೂತು ಅದೇ ಫೈಲ್ ತೆರೆದೆ. ಹಳೆಯ ಮಾನಿಟರಿನಲ್ಲಿ ಕೆಲಸ ಮಾಡುವಾಗ ನಾನು ಪ್ರತಿ ಪತ್ರಿಕೆಯನ್ನೂ ಜೂಮ್ ಮಾಡಿ ಸಾಲು ಸಾಲಾಗಿ ಓದುತ್ತಿದ್ದೆ. 27 ಇಂಚು ಬಂದ ಮೇಲೆ ಆ ಅಭ್ಯಾಸ ಬಿಟ್ಟುಹೋಗಿತ್ತು. ಪೂರ್ತಿ ಎ4 ಹಾಳೆ ಒಂದೇ ನೋಟಕ್ಕೆ ದೊಡ್ಡದಾಗಿ ಕಾಣುತ್ತಿತ್ತಲ್ಲ, ಎಲ್ಲಾ ಕಾಣುತ್ತಿದೆ ಅಂತ ನಂಬಿಬಿಟ್ಟಿದ್ದೆ. ಆದರೆ ಕಂಡದ್ದು ಎಷ್ಟು?

ನನ್ನ 27 ಇಂಚು ಬರೀ ಫುಲ್ ಎಚ್‌ಡಿ. ಅಂದರೆ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿ. ಹಳೆಯ 21.5 ಇಂಚಿನದೂ ಫುಲ್ ಎಚ್‌ಡಿಯೇ. ಎರಡರಲ್ಲೂ ಚುಕ್ಕಿ ಅಷ್ಟೇ, 20,73,600. ಪರದೆ ಹಿಗ್ಗಿದ ಹಾಗೆ ಒಂದೊಂದು ಚುಕ್ಕಿಯೂ ಹಿಗ್ಗಿತ್ತು. ಹಳೆಯದರಲ್ಲಿ ಇಂಚಿಗೆ ಸುಮಾರು 102 ಚುಕ್ಕಿ ಇದ್ದರೆ ಹೊಸದರಲ್ಲಿ ಸುಮಾರು 82. ದುಡ್ಡು ಕೊಟ್ಟು ಜಾಗ ಕೊಂಡಿದ್ದೆ, ವಿವರ ಒಂದು ಚುಕ್ಕಿಯಷ್ಟೂ ಜಾಸ್ತಿಯಾಗಿರಲಿಲ್ಲ.

ಕನ್ನಡಕ್ಕೆ ಇದು ಇಂಗ್ಲಿಷಿಗಿಂತ ಹೆಚ್ಚು ತಟ್ಟುತ್ತದೆ. ಮೆನು, ಟಾಸ್ಕ್‌ಬಾರ್ ಕಳೆದರೆ ಹಾಳೆಗೆ ಉಳಿಯುವ ಎತ್ತರ ಹೆಚ್ಚೂಕಮ್ಮಿ 900 ಚುಕ್ಕಿ. ಪೂರ್ತಿ ಎ4 ತೋರಿಸಿದಾಗ 10 ಪಾಯಿಂಟಿನ ಒಂದು ಸಾಲಿಗೆ ಸಿಗುವುದು ಸುಮಾರು 11 ಚುಕ್ಕಿ. ಅಷ್ಟರಲ್ಲೇ ತಲೆಕಟ್ಟು ಬರಬೇಕು, ಗುಡಿಸು ಬರಬೇಕು, ಕೆಳಗೆ ಒತ್ತಕ್ಷರ ಕೂರಬೇಕು. ಧ ಅಕ್ಷರದ ಅಡಿಯಲ್ಲಿ ಬರುವ ಆ ಪುಟ್ಟ ಗೀಟಿಗೆ ಒಂದು ಚುಕ್ಕಿ ಸಿಕ್ಕರೆ ಹೆಚ್ಚು. ಅದೂ ಬೂದು ಬಣ್ಣಕ್ಕೆ ತಿರುಗಿ ಅಕ್ಷರದ ಹೊಟ್ಟೆಗೆ ಅಂಟಿಕೊಂಡಿರುತ್ತದೆ. ದ ಯಾವುದು, ಧ ಯಾವುದು, ಬ ಯಾವುದು, ಭ ಯಾವುದು ಅಂತ ಕಣ್ಣು ಊಹೆ ಮಾಡುತ್ತದೆ ಅಷ್ಟೇ. ಊಹೆ ಮಾಡುವಾಗ ಇರಬೇಕಾದ ಅಕ್ಷರವನ್ನೇ ಓದಿಕೊಂಡುಬಿಡುತ್ತದೆ.

ಇನ್ನೊಂದು ತಪ್ಪು ಮೇಜಿನದು. ನನ್ನ ಮೇಜಿನ ಅಗಲ, ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ, 18 ಇಂಚು. ಆಲ್ ಇನ್ ಒನ್ ಸ್ಟ್ಯಾಂಡು, ಕೀಬೋರ್ಡು ಇಟ್ಟ ಮೇಲೆ ಪರದೆ ಮುಖಕ್ಕೇ ಬಂದಂತಿತ್ತು. ಚಾಚಿದ ತೋಳಿನಷ್ಟು ದೂರ ಇರಬೇಕು, ಅಂದರೆ 50ರಿಂದ 75 ಸೆಂಟಿಮೀಟರ್. 27 ಇಂಚಿನ ಪರದೆ ಸುಮಾರು 60 ಸೆಂಟಿಮೀಟರ್ ಅಗಲ ಇರುತ್ತದೆ. ನನ್ನಷ್ಟು ಹತ್ತಿರ ಕೂತರೆ ಈ ತುದಿಯಿಂದ ಆ ತುದಿಗೆ ಕಣ್ಣು ಹೋಗುವುದಿಲ್ಲ, ಕತ್ತೇ ಹೋಗಬೇಕು. ನನ್ನದು ಬೈಫೋಕಲ್ ಕನ್ನಡಕ ಬೇರೆ. ಓದುವ ಗಾಜು ಕೆಳಗಿರುತ್ತದೆ, ಎತ್ತರದ ಪರದೆಯ ಮೇಲಿನ ಸಾಲು ಓದಲು ಗಲ್ಲ ಮೇಲೆತ್ತಬೇಕು. ಸಂಜೆಗೆ ಕತ್ತಿನ ಹಿಂಭಾಗ ಹಿಡಿದುಕೊಳ್ಳುತ್ತಿತ್ತು. ಸ್ಟ್ಯಾಂಡನ್ನು ಹಿಂದಕ್ಕೆ ಮುಂದಕ್ಕೆ ಬಾಗಿಸಬಹುದಿತ್ತು, ಕೆಳಗೆ ಇಳಿಸಲು ಆಗುತ್ತಿರಲಿಲ್ಲ. ಸುಮಾರು ಆಲ್ ಇನ್ ಒನ್‌ಗಳು ಹೀಗೇ.

ಮಾಮೂಲಿ ಕಂಪ್ಯೂಟರ್ ಆಗಿದ್ದರೆ ಮಾನಿಟರ್ ಒಂದನ್ನೇ ಬದಲಾಯಿಸಬಹುದಿತ್ತು. ಇದರಲ್ಲಿ ಪರದೆಯೂ ಯಂತ್ರವೂ ಒಂದೇ. ಅದಕ್ಕೇ ಅಳತೆಯನ್ನು ಮೊದಲೇ ಯೋಚಿಸಬೇಕು ಅನ್ನುವುದು.

ಎರಡನೇ ಸಲ ಕೊಳ್ಳುವಾಗ ಆತುರ ಮಾಡಲಿಲ್ಲ. ಅಂಗಡಿಯಲ್ಲಿ ಹೇಳುವ ಇಂಚು ಮೂಲೆಯಿಂದ ಮೂಲೆಗೆ ಅಳೆದದ್ದು, ಅದರಿಂದ ಮೇಜಿನ ಮೇಲೆ ಎಷ್ಟು ಜಾಗ ಹಿಡಿಯುತ್ತದೆ ಅಂತ ತಿಳಿಯುವುದಿಲ್ಲ. ಹಳೆಯ ಕಾರ್ಡ್‌ಬೋರ್ಡಿನಲ್ಲಿ ಎರಡು ಹಾಳೆ ಕತ್ತರಿಸಿದೆ. 23.8 ಇಂಚಿನ ಪರದೆಗೆ 53 ಸೆಂಟಿಮೀಟರ್ ಅಗಲ, 30 ಎತ್ತರ. 27ಕ್ಕೆ 60 ಅಗಲ, 34 ಎತ್ತರ. ಒಂದೊಂದನ್ನೂ ಪರದೆ ಬರುವ ಜಾಗದಲ್ಲಿ ನಿಲ್ಲಿಸಿ, ಅದರ ಮೇಲೆ ಹಳೆಯ ಪ್ರೂಫ್ ಹಾಳೆ ಅಂಟಿಸಿ ಕೂತು ಓದಿದೆ. ಎ4 ಹಾಳೆ 29.7 ಸೆಂಟಿಮೀಟರ್ ಎತ್ತರ, 21 ಅಗಲ. ಒಂದನ್ನು ಅಂಟಿಸಿದರೆ 23.8ರ ಎತ್ತರ ಅಲ್ಲಿಗೇ ಮುಗಿಯಿತು, ಮೆನುಗೆ ಜಾಗವಿಲ್ಲ. 27ರಲ್ಲಿ ಎರಡು ಹಾಳೆ ಅಕ್ಕಪಕ್ಕ ಕೂತು ಮೇಲೆ ನಾಲ್ಕು ಸೆಂಟಿಮೀಟರ್ ಉಳಿಯಿತು. ಬರೀ ಎ4ಗಿಂತ ಸಣ್ಣದಾದ ಡೆಮಿ ಅಳತೆಯ ಪುಸ್ತಕದ ಕೆಲಸ ಆಗಿದ್ದರೆ 23.8 ಧಾರಾಳ ಸಾಕಿತ್ತು. ನನಗೆ ಎ4 ಕೆಲಸವೇ ಜಾಸ್ತಿ. ಹಾಗಾಗಿ ಮೊದಲು ಬಡಗಿಯನ್ನು ಕರೆಸಿ ಮೇಜನ್ನು 26 ಇಂಚಿಗೆ ಅಗಲ ಮಾಡಿಸಿದೆ. ಆಮೇಲೆ ಕಂಪ್ಯೂಟರ್ ಹುಡುಕಿದೆ.

ಈ ಸಲ ಅಂಗಡಿಗೆ ಪೆನ್‌ಡ್ರೈವ್ ಒಯ್ದೆ. ಅದರಲ್ಲಿ ನಾನೇ ಮಾಡಿದ ಒಂದು ಪಿಡಿಎಫ್ ಪುಟ. 10 ಪಾಯಿಂಟಿನಲ್ಲಿ ದನ, ಧನ, ಬಾರ, ಭಾರ, ಲಕ್ಷ್ಮೀ, ರಾಷ್ಟ್ರ, ಶಾಸ್ತ್ರ, ವಧೂವರರು. ಕುರ್ಚಿ ಕೇಳಿ ಹಾಕಿಸಿಕೊಂಡೆ, ತೋಳು ಚಾಚಿ ದೂರ ಸರಿಮಾಡಿಕೊಂಡೆ, ಪೂರ್ತಿ ಪುಟ ತೋರಿಸಿ ಓದಿದೆ. 27 ಫುಲ್ ಎಚ್‌ಡಿಯಲ್ಲಿ ಧನವೂ ದನವೂ ಒಂದೇ. ಪಕ್ಕದಲ್ಲಿ ಅದೇ 27 ಇಂಚಿನ ಇನ್ನೊಂದಿತ್ತು, ಕ್ಯೂಎಚ್‌ಡಿ, 2560 ಅಡ್ಡಕ್ಕೆ 1440. ಇಂಚಿಗೆ ಸುಮಾರು 109 ಚುಕ್ಕಿ. ಗೀಟು ಬೇರೆಯಾಗಿ ಕಂಡಿತು. ಶಾಸ್ತ್ರದ ತ ಒತ್ತು, ರ ಒತ್ತು ಎರಡೂ ಎಣಿಸುವ ಹಾಗಿದ್ದವು. ಬೆಲೆ ಜಾಸ್ತಿಯಿತ್ತು, ಆದರೂ ಅದನ್ನೇ ತಂದೆ. ಮೆನು ಅಕ್ಷರ ಸಣ್ಣದಾಗುತ್ತದೆ ಅಂತ ವಿಂಡೋಸ್‌ನಲ್ಲಿ ಸ್ಕೇಲ್ ಶೇಕಡಾ 125 ಇಟ್ಟಿದ್ದೇನೆ. ಕೂರುವ ಕುರ್ಚಿಯನ್ನು ಎರಡು ಇಂಚು ಎತ್ತರಿಸಿ ಕತ್ತಿನ ತೊಂದರೆ ಕಳೆದುಕೊಂಡೆ.

ಮೊದಲ 27 ಇಂಚನ್ನು ಮಂಡ್ಯದ ತಮ್ಮನ ಮನೆಗೆ ಕೊಟ್ಟೆ. ಅಲ್ಲಿ ಹಾಲ್‌ನ ಗೋಡೆ ಪಕ್ಕ ಇಟ್ಟಿದ್ದಾರೆ. ಮಕ್ಕಳು ಆರಡಿ ದೂರದ ದಿವಾನದ ಮೇಲೆ ಕೂತು ಪಾಠದ ವಿಡಿಯೋ ನೋಡುತ್ತಾರೆ. ಅಷ್ಟು ದೂರಕ್ಕೆ ಚುಕ್ಕಿ ಕಾಣುವುದೇ ಇಲ್ಲ, ಚಿತ್ರ ಚೆನ್ನಾಗಿಯೇ ಬರುತ್ತದೆ. ಯಂತ್ರದ್ದೇನೂ ತಪ್ಪಿರಲಿಲ್ಲ.

ಆ ಪರೀಕ್ಷೆಯ ಪುಟ ಇನ್ನೂ ಪೆನ್‌ಡ್ರೈವಿನಲ್ಲಿದೆ. ಕಂಪ್ಯೂಟರ್ ಕೊಳ್ಳುತ್ತೇವೆ ಅಂತ ಯಾರಾದರೂ ಬಂದರೆ ಕಾಪಿ ಮಾಡಿಕೊಡುತ್ತೇನೆ. ಲಗ್ನಪತ್ರಿಕೆಯನ್ನು ಮಾತ್ರ ಈಗಲೂ ಪ್ರಿಂಟ್ ತೆಗೆದು, ಪೆನ್ನು ಹಿಡಿದೇ ಓದುತ್ತೇನೆ.