ಎಡಗೈಯಲ್ಲಿ ಏಳು, ಬಾಯಲ್ಲಿ ನಾಲ್ಕು

ಪ್ರೋಗ್ರೆಸ್ಸಿವ್ ರಾಕ್‌ನಲ್ಲಿ, ಅಂದರೆ ಉದ್ದ ಹಾಡು, ಸುತ್ತುಬಳಸಿನ ಲಯಗಳ ರಾಕ್ ಸಂಗೀತದಲ್ಲಿ, ಕೀಬೋರ್ಡ್ ನುಡಿಸುವವರಿಗೆ ಬರವಿಲ್ಲ. ಹಾಡುವವರಿಗೂ ಇಲ್ಲ. ಎರಡನ್ನೂ ಒಬ್ಬರೇ ಮಾಡೋದು ಮಾತ್ರ ಕಡಿಮೆ. ಎಮರ್ಸನ್, ಲೇಕ್ ಅಂಡ್ ಪಾಮರ್ ಬ್ಯಾಂಡಿನಲ್ಲಿ ಕೀತ್ ಎಮರ್ಸನ್ ನುಡಿಸುತ್ತಿದ್ದರು, ಹಾಡೋದು ಗ್ರೆಗ್ ಲೇಕ್ ಕೆಲಸ. ಯೆಸ್ ಬ್ಯಾಂಡಿನಲ್ಲಿ ರಿಕ್ ವೇಕ್‌ಮನ್ ಕೈ, ಜಾನ್ ಆಂಡರ್ಸನ್ ಗಂಟಲು. ಯಾಕೆ ಹೀಗೆ ಅಂತ ನನಗೆ ತಿಳಿದದ್ದು ನಾನೇ ಕೂತು ಎರಡನ್ನೂ ಮಾಡಲು ಹೋದಾಗ. ಎಡಗೈ ಏಳರ ಎಣಿಕೆಯಲ್ಲಿ ಚೆನ್ನಾಗಿ ಓಡುತ್ತಿರುತ್ತದೆ. ಬಾಯಿ ತೆರೆದ ತಕ್ಷಣ ಅದು ತನ್ನ ಕೆಲಸ ಬಿಟ್ಟು ಹಾಡಿನ ಹಿಂದೆ ಹೊರಟುಬಿಡುತ್ತದೆ.

ಆಗ ಗೆಳೆಯನೊಬ್ಬನ ಹಾರ್ಡ್ ಡಿಸ್ಕ್‌ನಲ್ಲಿ ಸಿಕ್ಕವರು ಪೀಟರ್ ಹ್ಯಾಮಿಲ್. 1967ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಶುರುವಾದ ವ್ಯಾನ್ ಡರ್ ಗ್ರಾಫ್ ಜನರೇಟರ್ ಬ್ಯಾಂಡಿನ ಹಾಡುಗಾರ. ಗಿಟಾರ್ ನುಡಿಸುತ್ತಾರೆ, ಪಿಯಾನೋನೂ ನುಡಿಸುತ್ತಾರೆ. ಒಂದು ಸಾಲು ಪಿಸುಮಾತು, ಮುಂದಿನ ಸಾಲು ಕಿರುಚಾಟ. ಅವರ ಪಿಯಾನೋ ಎಮರ್ಸನ್ ಥರ ಸರ್ಕಸ್ ಅಲ್ಲ. ಹಾಡಿಗೆ ಎಷ್ಟು ಬೇಕೋ ಅಷ್ಟೇ, ಕೆಲವು ಕಡೆ ಒರಟಾಗಿಯೂ ಇದೆ. ಅದನ್ನು ಕೇಳಿ ನನಗೆ ಧೈರ್ಯ ಬಂತು.

ಚಿಕ್ಕವನಿದ್ದಾಗ ಬಸವನಗುಡಿಯಲ್ಲಿ ಆರು ವರ್ಷ ಕರ್ನಾಟಕ ಸಂಗೀತ ಕಲಿತಿದ್ದೆ. ಆಮೇಲೆ ಬಿಟ್ಟೆ. ಎಡಗೈ ಜೊತೆ ತಿಂಗಳುಗಟ್ಟಲೆ ಜಗಳ ಆಡಿದ ಮೇಲೆ ಒಂದು ರಾತ್ರಿ ಹೊಳೆಯಿತು. ಸರಳೆ ವರಸೆ ಹಾಡುತ್ತಾ ತೊಡೆ ಮೇಲೆ ಆದಿ ತಾಳ ಹಾಕುವಾಗ ಬಾಯಿಗೊಂದು ಕೆಲಸ, ಕೈಗೊಂದು ಕೆಲಸ ಇತ್ತಲ್ವಾ? ಎಂಟನೇ ವಯಸ್ಸಿಗೇ ಮೂರು ಕಾಲದಲ್ಲಿ ಅದನ್ನು ಮಾಡಿದ್ದೆ. ಈಗ ಆ ಕೈಯನ್ನು ತೊಡೆಯಿಂದ ಎತ್ತಿ ಕೀ ಮೇಲೆ ಇಡಬೇಕು, ಅಷ್ಟೇ.

ಅಷ್ಟೇ ಅಂದೆ, ಆದರೆ ಅದಕ್ಕೆ ಒಂದು ವರ್ಷ ಹಿಡಿಯಿತು. ಮೊದಲು ಎಡಗೈಗೆ ಏಳು ಸ್ವರದ ಸಣ್ಣ ತುಣುಕು ಕೊಟ್ಟೆ. ಟಿಕ್ ಟಿಕ್ ಅಂತ ಲಯ ಹಿಡಿಯುವ ಮೆಟ್ರೋನೋಮನ್ನು ನಿಮಿಷಕ್ಕೆ 60ಕ್ಕೆ ಇಟ್ಟು, ಬಾಯಲ್ಲಿ ತಕಿಟ (ಮೂರು) ತಕಧಿಮಿ (ನಾಲ್ಕು) ಹೇಳುತ್ತಾ ನುಡಿಸಿದೆ. ಕೈ ತಾನಾಗಿ ಓಡುವಷ್ಟು ದಿನ ಬೇರೆ ಏನೂ ಮಾಡಲಿಲ್ಲ. ಆಮೇಲೆ ಹಾಡಿನ ಸಾಹಿತ್ಯವನ್ನು ರಾಗ ಇಲ್ಲದೆ ಸುಮ್ನೆ ಓದಿದೆ. ಆಮೇಲೆ ಮಾತಿಲ್ಲದೆ ಗುನುಗಿದೆ. ಮಾತು, ರಾಗ ಎರಡೂ ಸೇರಿದ್ದು ಕೊನೆಗೆ. ಹಾಡು ನಾಲ್ಕರಲ್ಲಿ, ಎಡಗೈ ಏಳರಲ್ಲಿ ಇದ್ದರೆ ಎರಡಕ್ಕೂ 28 ಎಣಿಕೆಗೊಮ್ಮೆ ಭೇಟಿ. ಎಡಗೈ ನಾಲ್ಕು ಸುತ್ತು ಬಂದಿರುತ್ತದೆ, ಹಾಡು ಏಳು ಸುತ್ತು. ನಡುವೆ ಎಲ್ಲಿದ್ದೇನೆ ಅಂತ ಎಣಿಸಲು ಹೋದರೆ ಕೆಟ್ಟೆವು. ಸೇರುವ ಜಾಗದಲ್ಲಿ ಯಾವ ಅಕ್ಷರ ಬರುತ್ತದೆ ಅನ್ನೋದನ್ನು ಮಾತ್ರ ನೆನಪಿಟ್ಟುಕೊಂಡೆ.

ಇಲ್ಲೊಂದು ಎಡವಟ್ಟೂ ಮಾಡಿಕೊಂಡೆ. ನಮ್ಮ ಏಳು ಎಣಿಕೆಯ ತಾಳ ಮಿಶ್ರ ಛಾಪು ಮೂರು, ನಾಲ್ಕು. ರಾಕ್‌ನಲ್ಲಿ ಏಳನ್ನು ಎಷ್ಟೋ ಕಡೆ ನಾಲ್ಕು, ಮೂರು ಅಂತ ಒಡೆಯುತ್ತಾರೆ. ನಾನು ಎಲ್ಲದಕ್ಕೂ ತಕಿಟದಿಂದಲೇ ಶುರು ಮಾಡಿ, ಎರಡು ತಿಂಗಳು ತಪ್ಪು ಜಾಗದಲ್ಲಿ ಒತ್ತು ಕೊಟ್ಟೆ. ನಮ್ಮ ಡ್ರಮ್ಮರ್ ಒಂದು ದಿನ ಕೋಲು ಕೆಳಗಿಟ್ಟು ಎದ್ದೇ ಹೋದ. ತಕಧಿಮಿ ತಕಿಟ ಅಂತ ತಿರುಗಿಸಿದ ಮೇಲೆ ಅವನ ಮುಖದಲ್ಲಿ ನಗು ಕಂಡಿತು.

ಗಂಟಲಿನ ವಿಷಯದಲ್ಲಿ ನಾನು ಮೂರ್ಖನಾದೆ. ಹ್ಯಾಮಿಲ್ ಕಿರುಚುತ್ತಾರೆ ಅಂತ ನಾನೂ ಕಿರುಚಿದೆ. ಒಂದು ವಾರ ಧ್ವನಿಯೇ ಹೊರಡಲಿಲ್ಲ. ಡಾಕ್ಟರು ಮೂರು ವಾರ ಮಾತೇ ಆಡಬೇಡ ಅಂದರು. ಆಮೇಲೆ ಹಾಡುಗಳನ್ನೆಲ್ಲ ನನ್ನ ಶ್ರುತಿಗೆ, ಅಂದರೆ ಒಂದೂವರೆಗೆ ಇಳಿಸಿದೆ. ಪಿಯಾನೋದಲ್ಲಿ ಅದು ಸಿ ಶಾರ್ಪ್. ಕೈಗೆ ಕರಿ ಕೀಗಳು ಜಾಸ್ತಿ ಸಿಗುತ್ತವೆ, ಬೆರಳಿನ ಪಾಠ ಮೊದಲಿಂದ ಶುರು. ಶ್ರುತಿಯನ್ನು ತಾನೇ ಬದಲಿಸುವ ಟ್ರಾನ್ಸ್‌ಪೋಸ್ ಬಟನ್ ಒತ್ತಬಹುದಿತ್ತು, ನಿಜ. ಆದರೆ ಸಭೆಯಲ್ಲಿ ನಿಜವಾದ ಪಿಯಾನೋ ಇಟ್ಟಿದ್ದರೆ ಅದರಲ್ಲಿ ಆ ಬಟನ್ ಇರುವುದಿಲ್ಲ.

ಸಣ್ಣ ತೊಂದರೆಗಳನ್ನು ಯಾರೂ ಮೊದಲೇ ಹೇಳುವುದಿಲ್ಲ. ಕೀ ನೋಡಲು ತಲೆ ತಗ್ಗಿಸಿದರೆ ಬಾಯಿ ಮೈಕಿನಿಂದ ಜಾರುತ್ತದೆ. ಬೂಮ್ ಸ್ಟ್ಯಾಂಡನ್ನು ಬಲಬದಿಯಿಂದ ಅಡ್ಡ ತಂದು, ಮೈಕನ್ನು ಗಲ್ಲದಷ್ಟು ಕೆಳಗೆ ಇಟ್ಟ ಮೇಲೆ ಸರಿಹೋಯಿತು. ನಾದ ಎಳೆದು ಹಿಡಿಯಲು ಕಾಲಲ್ಲಿ ಒತ್ತುವ ಸಸ್ಟೈನ್ ಪೆಡಲ್ ನುಣುಪು ನೆಲದಲ್ಲಿ ಓಡಿಹೋಗುತ್ತದೆ. ಅದರ ಕೆಳಗೆ ನಾನು ಹಾಕೋದು ಮನೆಯ ಕಾಲೊರೆಸು. 88 ಕೀಯ, 12 ಕಿಲೋ ಹತ್ತಿರದ ಡಿಜಿಟಲ್ ಪಿಯಾನೋ ಆಟೋದಲ್ಲಿ ಹಿಡಿಸುತ್ತದಾ? ಅಡ್ಡ ಇಡಲು ಆಗುವುದಿಲ್ಲ, ಓರೆಯಾಗಿ ಇಡಬೇಕು. ಒಂದು ತುದಿ ಹೊರಗೇ.

ದುಡ್ಡಿನ ಮಾತು ಬೇಗ ಮುಗಿಯುತ್ತದೆ, ಯಾಕೆಂದರೆ ದುಡ್ಡು ಇಲ್ಲ. ನನ್ನ ಮನೆ ನಡೆಸೋದು ಮದುವೆ ರಿಸೆಪ್ಷನ್‌ಗಳ ಆರ್ಕೆಸ್ಟ್ರಾ ಮತ್ತು ಲಂಡನ್ನಿನ ಟ್ರಿನಿಟಿ ಕಾಲೇಜಿನ ಸಂಗೀತ ಗ್ರೇಡ್ ಪರೀಕ್ಷೆಗೆ ಬರುವ ಮಕ್ಕಳು. ಶನಿವಾರ ರಾಜ್‌ಕುಮಾರ್ ಹಾಡು, ಭಾನುವಾರ ಏಳು ಎಣಿಕೆ. ಈ ವಿಷಯದಲ್ಲೂ ನಾನು ನೋಡಿದ್ದು ಹ್ಯಾಮಿಲ್ ಕಡೆಗೇ. ಅವರ ಬ್ಯಾಂಡಿನ 1971ರ ಆಲ್ಬಂ 'ಪಾನ್ ಹಾರ್ಟ್ಸ್' ಇಟಲಿಯಲ್ಲಿ ಮೊದಲ ಸ್ಥಾನಕ್ಕೆ ಏರಿತು, ಸ್ವಂತ ದೇಶ ಇಂಗ್ಲೆಂಡಿನಲ್ಲಿ ಅಂಥ ಸದ್ದು ಮಾಡಲಿಲ್ಲ. ಮುಂದಿನ ವರ್ಷವೇ ಬ್ಯಾಂಡ್ ಒಡೆಯಿತು. 1975ರಲ್ಲಿ ಮತ್ತೆ ಸೇರಿದರು, 1978ರಲ್ಲಿ ಮತ್ತೆ ಬಿಟ್ಟರು. ಹ್ಯಾಮಿಲ್ ನಿಲ್ಲಲಿಲ್ಲ. ಮನೆಯಲ್ಲೇ ರೆಕಾರ್ಡ್ ಮಾಡಿದರು, 1992ರಲ್ಲಿ 'ಫೈ!' ಅನ್ನೋ ಸ್ವಂತ ಲೇಬಲ್ ಕಟ್ಟಿದರು. 2003ರ ಡಿಸೆಂಬರಿನಲ್ಲಿ ಹೃದಯಾಘಾತ ಆಯಿತು. 2005ರ ಮೇ ತಿಂಗಳಲ್ಲಿ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್‌ನಲ್ಲಿ ಹಳೆಯ ಬ್ಯಾಂಡಿನ ಜೊತೆ ಮತ್ತೆ ನಿಂತಿದ್ದರು. ನನ್ನ ಮಟ್ಟಕ್ಕೆ ಲೇಬಲ್ ದೂರದ ಮಾತು. ಮಲಗುವ ಕೋಣೆಯ ಬೀರು ತೆರೆದು, ಬಟ್ಟೆಗಳ ಮುಂದೆ ಮೈಕ್ ಇಟ್ಟು ಹಾಡುತ್ತೇನೆ. ಪ್ರತಿಧ್ವನಿ ಬರುವುದಿಲ್ಲ. ಹೆಂಡತಿಗೆ ಸೀರೆ ಬೇಕಾದರೆ ರೆಕಾರ್ಡಿಂಗ್ ನಿಲ್ಲುತ್ತದೆ.

ಕಳೆದ ವರ್ಷ ಜಯನಗರದಲ್ಲಿ ಒಂದು ಸಣ್ಣ ಕಾರ್ಯಕ್ರಮ. ಬಂದವರು ಮೂವತ್ತು ಜನ ಇದ್ದಿರಬಹುದು. ಹಳೆಯ ಸಂಗೀತದ ಮೇಷ್ಟ್ರನ್ನು ಕರೆದಿದ್ದೆ, ಬರುತ್ತಾರೆ ಅಂದುಕೊಂಡಿರಲಿಲ್ಲ. ಮುಂದಿನ ಸಾಲಿನಲ್ಲೇ ಕೂತರು. ಎರಡನೇ ಹಾಡಿಗೆ ನೋಡಿದರೆ ಅವರ ಕೈ ತೊಡೆ ಮೇಲೆ ಛಾಪು ಹಾಕುತ್ತಿದೆ. ಅದನ್ನು ನೋಡಿಯೇ ನಾನು ಒಂದು ಸಾಲು ಬೇಗ ಹಾಡಿಬಿಟ್ಟೆ. ಅವರ ಕೈ ನಿಲ್ಲಲಿಲ್ಲ. ಮುಂದಿನ ಸಮಕ್ಕೆ, ಅಂದರೆ ತಾಳದ ಸುತ್ತು ಮತ್ತೆ ಶುರುವಾಗುವ ಜಾಗಕ್ಕೆ, ಅವರ ಕೈ ನೋಡಿಕೊಂಡೇ ಬಂದು ಸೇರಿದೆ.

ಮುಗಿದ ಮೇಲೆ ಹತ್ತಿರ ಹೋಗಿ, "ಹೇಗಿತ್ತು ಮೇಷ್ಟ್ರೇ?" ಅಂದೆ.

"ಕೈ ಸರಿ ಇತ್ತು ಕಣೋ," ಅಂದರು. "ಬಾಯಿಗೆ ಅವಸರ. ಚಿಕ್ಕವನಿದ್ದಾಗಲೂ ಹೀಗೇ ಇದ್ದೆ."